ಬೇಗ ಬಾ ಮಾರಾಯ, ಸ್ಪ್ಯಾನಿಷ್‌ನಲ್ಲಿ



ಭಾಷೆ ಕಲಿಸುವ ಪುಸ್ತಕಗಳಲ್ಲಿ ಬರುವ ಜನ ತುಂಬ ಸಮಾಧಾನಿಗಳು. ಮೊದಲ ಪಾಠದಲ್ಲಿ ಇಬ್ಬರು ಭೇಟಿಯಾಗಿ ಹೆಸರು, ಊರು ಕೇಳಿಕೊಳ್ಳುತ್ತಾರೆ. ಎರಡನೆಯ ಪಾಠದಲ್ಲಿ ಕಾಫಿ ತರಿಸುತ್ತಾರೆ. ಕಾಫಿ ಕೂಡಲೇ ಬರುತ್ತದೆ. ಮುಂದೊಂದು ಪಾಠದಲ್ಲಿ ರೈಲಿನ ಟಿಕೆಟ್ ಕೊಳ್ಳುತ್ತಾರೆ. ಕೌಂಟರಿನಲ್ಲಿ ಅವರ ಮುಂದೆ ನಿಂತು ಚಿಲ್ಲರೆ ಎಣಿಸುವವರು ಯಾರೂ ಇರುವುದಿಲ್ಲ. ಮಗು ಶೂ ಹಾಕಿಕೊಳ್ಳಲು ಹಟ ಮಾಡುವುದಿಲ್ಲ, ಬಸ್ಸು ತಪ್ಪುವುದಿಲ್ಲ, ಫೋನಿನ ಆ ತುದಿಯಲ್ಲಿರುವವರು ಹೇಳಿದ್ದನ್ನೇ ಹೇಳುತ್ತ ಕೂರುವುದಿಲ್ಲ. ಹೀಗಾಗಿ ಪುಸ್ತಕ ಮುಗಿಸಿದವರಿಗೆ ಹಣ್ಣುಗಳ ಹೆಸರು ಬರುತ್ತದೆ, ವಾರದ ದಿನಗಳು ಬರುತ್ತವೆ, "ಸಾಕು ನಿಲ್ಲಿಸಯ್ಯಾ" ಅನ್ನಲು ಮಾತ್ರ ಬರುವುದಿಲ್ಲ.

ಬೆಂಗಳೂರಿನಲ್ಲಿ ಸಂಜೆ ಹೊತ್ತು ಸ್ಪ್ಯಾನಿಷ್ ಹೇಳಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಕಾಲೇಜಿನ ಮಕ್ಕಳಿದ್ದಾರೆ. ಮೆಕ್ಸಿಕೊದ ಮೊಂತೆರ್ರೇ ನಗರದ ಕಚೇರಿಯವರ ಜೊತೆ ರಾತ್ರಿ ಪಾಳಿಯಲ್ಲಿ ಮಾತನಾಡಬೇಕಾದ ಸಾಫ್ಟ್‌ವೇರ್ ಮಂದಿಯಿದ್ದಾರೆ. ಲಾಕ್‌ಡೌನಿನಲ್ಲಿ 'ಮನಿ ಹೈಸ್ಟ್' ಧಾರಾವಾಹಿಯನ್ನು ಒಂದೇ ಉಸಿರಿಗೆ ನೋಡಿ, ಅದರೊಳಗಿನ ಕಳ್ಳರ ಬೈಗುಳಗಳನ್ನಷ್ಟೇ ಬಾಯಿಪಾಠ ಮಾಡಿಕೊಂಡು ಬಂದವರೂ ಇದ್ದಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ: ತಾಳ್ಮೆ ಕೆಟ್ಟಾಗ ಆಡುವ ಮಾತುಗಳನ್ನು ಬೇಗನೆ ಕಲಿಯಿರಿ, ಆದರೆ ಬಾಯಿಗಿಂತ ಮೊದಲು ಕಿವಿಯಿಂದ ಕಲಿಯಿರಿ. ಸ್ಪ್ಯಾನಿಷ್‌ನಲ್ಲಿ ಅವಸರಪಡಿಸುವ ಮಾತು, ಸಮಾಧಾನ ಮಾಡುವ ಮಾತು, ಒಪ್ಪಿಗೆಯ ಮಾತು, ಹೊರಡುವಾಗಿನ ಮಾತು, ಇವೆಲ್ಲ ಬಹುಪಾಲು ಅದೇ ನಾಲ್ಕೈದು ಪದಗಳು. ಪದ ಗೊತ್ತಿದ್ದರೆ ಸಾಲದು. ಯಾರು, ಯಾರಿಗೆ, ಯಾವ ರಾಗದಲ್ಲಿ, ಎಷ್ಟನೆಯ ಸಲ ಹೇಳಿದರು ಅನ್ನುವುದರ ಮೇಲೆ ಅದರ ಅರ್ಥ ನಿಂತಿದೆ.

ಒಂದು ಪದ ನಿಮ್ಮಲ್ಲಿ ಅನೇಕರಿಗೆ ಈಗಾಗಲೇ ಗೊತ್ತು. ಟೆನಿಸ್ ಆಟಗಾರ ರಫಾಯೆಲ್ ನಡಾಲ್ ಪಾಯಿಂಟ್ ಗೆದ್ದಾಗ ಮುಷ್ಟಿ ಬಿಗಿಹಿಡಿದು ಕೂಗುತ್ತಿದ್ದರಲ್ಲ, ಅದು. ನಮ್ಮ ಪತ್ರಿಕೆಗಳು 'ವಾಮೋಸ್' ಎಂದು ಬರೆಯುತ್ತವೆ. ಆಡುವವರ ಬಾಯಲ್ಲಿ ಅದು 'ಬಾಮೋಸ್'. ಆ ಭಾಷೆಯಲ್ಲಿ ವಕಾರ ಬಕಾರಗಳ ಭೇದ ಬರಹದಲ್ಲಿ ಉಂಟು, ಉಚ್ಚಾರಣೆಯಲ್ಲಿಲ್ಲ. ವನವನ್ನು ಬನ ಮಾಡಿಕೊಂಡ, ವಿಷವನ್ನು ಬಿಸ ಮಾಡಿಕೊಂಡ ನಮಗೆ ಇದು ಹೊಸದಲ್ಲ. ಅವರ ತ, ದಗಳೂ ನಮ್ಮ ತ, ದಗಳೇ. ಬರೆಯುವ ಹಕಾರ ಬಾಯಲ್ಲಿ ಬಿದ್ದುಹೋಗುತ್ತದೆ, ನಮ್ಮ ಹಳ್ಳಿಗಳಲ್ಲಿ ಹಾಲು ಆಲಾಗುವ ಹಾಗೆ. ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ನಮ್ಮ ಞಕಾರಕ್ಕೂ ಅಲ್ಲಿ ಕೈತುಂಬ ಕೆಲಸ. ಇಂಗ್ಲಿಷಿನವರು ತಿಂಗಳುಗಟ್ಟಲೆ ನಾಲಿಗೆ ತಿರುಚಿ ಕಲಿಯುವುದನ್ನು ಕನ್ನಡಿಗರು ಮೊದಲ ವಾರದಲ್ಲೇ ಆಡುತ್ತಾರೆ.

'ಬಾಮೋಸ್' ಅಂದರೆ 'ಹೋಗೋಣ'. ತಡಮಾಡುವವರನ್ನು ಎಬ್ಬಿಸುವಾಗ ಆಡುವ ಮಾತು ಇದು. ಎಬ್ಬಿಸುವವರು ತಮ್ಮನ್ನೂ ಸೇರಿಸಿಕೊಂಡೇ ಎಬ್ಬಿಸುತ್ತಾರೆ. ಸ್ಪೇನಿನಲ್ಲಿ ಇದಕ್ಕಿಂತ ಹೆಚ್ಚು ಕೇಳುವುದು 'ಬೆಂಗಾ'. ಮೂಲದಲ್ಲಿ ಅದು 'ಬರಲಿ' ಅನ್ನುವ ಕ್ರಿಯಾಪದ. ಈಗ ಬರುವುದಕ್ಕೂ ಅದಕ್ಕೂ ಸಂಬಂಧವೇ ಉಳಿದಿಲ್ಲ. 'ಆಂದಾ' ಅಂದರೆ 'ನಡಿ'. ನಾವು ಕೂತವರಿಗೂ ನಡಿ ನಡಿ ಅನ್ನುವುದಿಲ್ಲವೇ, ಹಾಗೆಯೇ. ಅದಕ್ಕೆ 'ಯಾ' ಸೇರಿಸಿ 'ಆಂದಾ ಯಾ' ಅಂದರೆ 'ಹೋಗೋಲೋ, ಸುಮ್ನೆ ಸುಳ್ಳು ಹೇಳಬೇಡ' ಎಂದಾಗುತ್ತದೆ. ಅರ್ಜೆಂಟೀನಾದವರಿಗೆ ಎಲ್ಲದಕ್ಕೂ 'ದಾಲೆ' ಬೇಕು. 'ದಾಲೆ!' ಎಂದು ಕೂಗಿದರೆ ಬೇಗ ಬೇಗ. 'ದಾಲೆ' ಎಂದು ಮೆಲ್ಲಗೆ ಅಂದರೆ ಆಯ್ತು, ಹಾಗೇ ಮಾಡೋಣ. ಮೆಕ್ಸಿಕೊದಲ್ಲಿ 'ಆಂದಲೆ', 'ಓರಲೆ'. ದೊಡ್ಡ ಟೋಪಿಯಿಟ್ಟುಕೊಂಡು ಬಾಣದಂತೆ ಓಡುವ ಕಾರ್ಟೂನ್ ಇಲಿ ಸ್ಪೀಡಿ ಗೊನ್ಸಾಲೆಸ್ ಬಾಯಲ್ಲಿ ಈ ಆಂದಲೆಯನ್ನು ಲೋಕವೆಲ್ಲ ಕೇಳಿದೆ. ವಾರ್ನರ್ ಬ್ರದರ್ಸ್ ಕಂಪನಿ 1955ರಲ್ಲಿ ಅದರ ಹೆಸರಿನಲ್ಲೇ ತೆಗೆದ ಕಿರುಚಿತ್ರಕ್ಕೆ ಆಸ್ಕರ್ ಪ್ರಶಸ್ತಿಯೂ ಬಂತು. ಮೆಕ್ಸಿಕೊದವರು ನಿಜವಾಗಿ ಆ ಪದ ಆಡುವಾಗ ಇಲಿಯ ವೇಗ ಏನೂ ಇರುವುದಿಲ್ಲ. ಫೋನ್ ಇಡುವ ಮೊದಲು, ಅಂಗಡಿಯಲ್ಲಿ ದುಡ್ಡು ಕೊಟ್ಟ ಮೇಲೆ, ಗೆಳೆಯ ಹೇಳಿದ್ದು ಸರಿ ಅನ್ನಿಸಿದಾಗ, ಎಲ್ಲಕ್ಕೂ ಆಂದಲೆ.

ಗಮನಿಸಿದಿರಾ, ಇವುಗಳಲ್ಲಿ ಹೆಚ್ಚಿನವು ಚಲನೆಯ ಕ್ರಿಯಾಪದಗಳು, ಇಲ್ಲವೇ ಅವುಗಳಿಂದ ಹುಟ್ಟಿದ ತುಂಡುಗಳು. ಒಂದರಲ್ಲೂ ಬೈಗುಳ ಇಲ್ಲ. ಕೈ ಹಿಡಿದು ಎಳೆಯುವುದಿದೆ, ಅಷ್ಟೆ.

ಮಾದ್ರಿದ್‌ನ ಹಳೆಯ ಬಡಾವಣೆಯೊಂದರಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ ಕೆಲಕಾಲ ಬಾಡಿಗೆಗಿದ್ದೆ. ಎದುರು ಮನೆಯಲ್ಲಿ ಒಬ್ಬ ತಾಯಿ, ಆರೋ ಏಳೋ ವಯಸ್ಸಿನ ಮಗಳು. ಬೆಳಿಗ್ಗೆ ಬಾಗಿಲು ತೆರೆದ ಸದ್ದಾಗುತ್ತಿತ್ತು. ಮೊದಲ 'ಬೆಂಗಾ' ಹಗುರ, ಹೊರಡೋಣ್ವಾ ಅನ್ನುವ ಹಾಗೆ. ತಾಯಿ ಅರ್ಧ ಮೆಟ್ಟಿಲಿಳಿದು ನಿಂತು ಎರಡನೆಯದನ್ನು ಎಳೆಯುತ್ತಿದ್ದಳು: 'ಬೆಂಗಾಆ'. ಮಗಳು ಚೀಲ ಹುಡುಕುತ್ತಲೋ ಏನೋ, ಉತ್ತರ ಇಲ್ಲ. ಮೂರನೆಯದಕ್ಕೆ 'ಈಹಾ', ಮಗಳೇ, ಸೇರುತ್ತಿತ್ತು: 'ಬೆಂಗಾ, ಈಹಾ, ಪೋರ್ ದಿಯೋಸ್', ದೇವರಾಣೆಗೂ ಬಾರಮ್ಮ. ಆಮೇಲೆ ಮಗುವಿನ ಪೂರ್ತಿ ಹೆಸರು, ಎರಡು ಕುಲನಾಮಗಳ ಸಮೇತ. ಸ್ಪೇನಿನಲ್ಲಿ ಪ್ರತಿಯೊಬ್ಬರಿಗೂ ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು ಕುಲನಾಮ ಇರುತ್ತದೆ. ಮನೆಯಲ್ಲಿ ಅವೆರಡೂ ಒಟ್ಟಿಗೆ ಕಿವಿಗೆ ಬಿದ್ದವೆಂದರೆ ಮಗುವಿಗೆ ಗ್ರಹಚಾರ ಕಾದಿದೆ ಎಂದೇ ಲೆಕ್ಕ. ಇಷ್ಟಾದ ಮೇಲೆ ಪುಟ್ಟ ಕಾಲುಗಳು ದಡದಡ ಇಳಿಯುತ್ತಿದ್ದವು. ಕೆಳಗೆ ಹೋಗುವಷ್ಟರಲ್ಲಿ ಮಗಳು ಎಡವಿ ಅಳತೊಡಗಿದರೆ, ಅದೇ ತಾಯಿಯ ಬಾಯಿಂದ ಅದೇ ಪದ: 'ಬೆಂಗಾ, ಬೆಂಗಾ', ಏನೂ ಆಗಿಲ್ಲ, ಅಳಬೇಡ. ಶಾಲೆಗೆ ಬಿಟ್ಟು ಬರುವಾಗ ಫೋನಿನಲ್ಲಿ ಯಾರದೋ ಜೊತೆ ಮಾತು ಮುಗಿಸುವಾಗಲೂ ಅದೇ: 'ಬೆಂಗಾ, ಆಸ್ತಾ ಲುವೇಗೊ', ಸರಿ ಹಾಗಾದ್ರೆ, ಆಮೇಲೆ ಸಿಗ್ತೀನಿ. ಒಂದು ಬೆಳಗಿನಲ್ಲಿ ಇಷ್ಟು ಕೆಲಸ ಮಾಡುವ ಪದಕ್ಕೆ ನಿಘಂಟು ಏನು ಅರ್ಥ ಕೊಟ್ಟೀತು?

ಅವಸರದ ಮಾತಿನ ಹಿಂದೆ ಬರುವ ಸಂಬೋಧನೆ ಇನ್ನೂ ಸ್ವಾರಸ್ಯ. ಸ್ಪೇನಿನಲ್ಲಿ 'ಓಂಬ್ರೆ' ಅನ್ನುತ್ತಾರೆ. ಅದರ ಅರ್ಥ ಮನುಷ್ಯ, ಗಂಡಸು. ಆದರೆ 'ಬೆಂಗಾ, ಓಂಬ್ರೆ' ಎಂದಾಗ ಅದು ನಮ್ಮ ಕರಾವಳಿಯವರ, ಮಲೆನಾಡಿನವರ 'ಮಾರಾಯ'. 'ಬೇಗ ಬಾ ಮಾರಾಯ'. ಹೆಂಗಸಿಗಾದರೆ 'ಮುಹೆರ್', ಅಂದರೆ ಮಾರಾಯ್ತಿ. ಮಾರಾಯನೆಂದರೆ ಮಹಾರಾಜನೆಂದು ನಮಗೆ ನೆನಪಿಲ್ಲದಿರುವ ಹಾಗೆ ಅವರಿಗೂ ಓಂಬ್ರೆಯಲ್ಲಿ ಮನುಷ್ಯನ ನೆನಪಿಲ್ಲ. ಲ್ಯಾಟಿನ್ ಅಮೆರಿಕದ ಎಷ್ಟೋ ಮನೆಗಳಲ್ಲಿ ತಾಯಿ ತಂದೆಯರು ಮಕ್ಕಳನ್ನೇ 'ಮಾಮಿ', 'ಪಾಪಿ' ಎಂದು ಕರೆಯುತ್ತಾರೆ. 'ಅಪೂರಾತೆ, ಪಾಪಿ' ಅಂದರೆ 'ಬೇಗ ಮಾಡಪ್ಪಾ'. ಮೂರು ವರ್ಷದ ಮಗನನ್ನು ಅಪ್ಪಾ ಎಂದು ಕರೆದು ಗದರಿಸುವ ಜನ ನಾವಷ್ಟೇ ಅಲ್ಲ ಎಂದು ತಿಳಿದಾಗ ನನ್ನ ತರಗತಿಯಲ್ಲಿ ಎಲ್ಲರಿಗೂ ಖುಷಿ. ಆದರೆ ಈ 'ಪಾಪಿ'ಯನ್ನು ಕನ್ನಡದ ಕಿವಿಯಿಂದ ಕೇಳಿಸಿಕೊಂಡು ಯಾರೂ ನೊಂದುಕೊಳ್ಳಬಾರದು.

ಇನ್ನು 'ಯಾ'. ಒಂದೇ ಅಕ್ಷರದ ಈ ಪದವನ್ನು ಸರಿಯಾಗಿ ಹಿಡಿದರೆ ಅರ್ಧ ಸ್ಪ್ಯಾನಿಷ್ ಬಂದಂತೆ ಎಂದು ನಾನು ಹೇಳುವುದುಂಟು. ಮೇಷ್ಟರ ಮಾತು, ಸ್ವಲ್ಪ ರಿಯಾಯಿತಿ ಕೊಟ್ಟು ಕೇಳಿ. ಆಗಲೇ, ಈಗಲೇ, ಸಾಕು, ತಿಳಿಯಿತು, ಮುಗಿಯಿತು, ಇಷ್ಟೂ ಅದೇ. ನಮ್ಮ 'ಆಯ್ತು' ಅದಕ್ಕೆ ಹತ್ತಿರದ ನೆಂಟ. ಮಗು ಕೂಗಾಡುವಾಗ ತಂದೆ 'ಯಾ!' ಅಂದರೆ ಸಾಕು, ನಿಲ್ಲಿಸು. 'ಯಾ ಎಸ್ತಾ ಬಿಯೆನ್' ಎಂಬುದನ್ನು ಬಿಡಿಸಿ ನೋಡಿದರೆ 'ಈಗ ಚೆನ್ನಾಗಿದೆ' ಎಂದಾಗುತ್ತದೆ. ಆದರೆ ಬಾಯಿ ಬಿಗಿದು ಹೇಳಿದಾಗ ಅದು 'ಇನ್ನು ಸಾಕು, ಮಿತಿ ಮೀರಿತು'. ಹೊಸಬರು ಹೊಗಳಿಕೆಯೆಂದು ಭಾವಿಸಿ ನಗುವುದು ಇಲ್ಲೇ. ಕಾದು ಕಾದು ಬಸ್ಸು ಬಂದಾಗ 'ಯಾ ಎರಾ ಓರಾ', ಅಂತೂ ಬಂತಲ್ಲಪ್ಪ. ಬ್ಯೂನಸ್ ಐರಿಸ್‌ಗೆ ಹೋದರೆ ಈ ಯಾ 'ಶಾ' ಆಗಿಬಿಡುತ್ತದೆ, ಗಾಬರಿಯಾಗಬೇಡಿ.

ಯಾಕ್ಕಿಂತಲೂ ನನಗೆ ಪ್ರಿಯವಾದದ್ದು ಒಂದು ವ್ಯಾಕರಣ. ಒಳಗಿನಿಂದ ಮಗನನ್ನು ಕೂಗುತ್ತಾರೆ. ಅವನು 'ಯಾ ಬೋಯ್' ಅನ್ನುತ್ತಾನೆ, ಬಂದೆ. ಮತ್ತೆ ಕೂಗುತ್ತಾರೆ. ಈಗ ಅವನು ಹೇಳುವುದು 'ಕೆ ಯಾ ಬೋಯ್!' ಈ 'ಕೆ' ನಮ್ಮ 'ಎಂದು', 'ಅಂತ'ದಂಥ ಅವ್ಯಯ. ನಾನು ಹೇಳಿದೆ ಎಂಬ ಭಾಗವನ್ನು ನುಂಗಿ, ಬರೀ ಅಂತವನ್ನು ವಾಕ್ಯದ ತಲೆಗೆ ಕಟ್ಟಿದ್ದಾರೆ. 'ಬಂದೆ ಅಂದೆನಲ್ಲಾ!' ಹಾಗೆಯೇ 'ಕೆ ಸೀ!' ಹೂಂ ಅಂದೆನಲ್ಲ, 'ಕೆ ನೋ!' ಇಲ್ಲ ಅಂದ್ರೆ ಇಲ್ಲ. ಒಂದೇ ಮಾತನ್ನು ಎರಡನೆಯ ಸಲ ಹೇಳಿಸಿದ್ದಕ್ಕೆ ಬರುವ ಸಿಟ್ಟಿಗೆಂದೇ ಈ ಭಾಷೆ ವ್ಯಾಕರಣದಲ್ಲಿ ಒಂದು ಗೂಡು ಕೊಟ್ಟಿದೆ. ಮೊದಲ ಸಲವೇ ಕೆ ಹಚ್ಚಿದರೆ ಕೇಳಿದವರು ತಬ್ಬಿಬ್ಬಾಗುತ್ತಾರೆ: ನಾನು ಮೊದಲೇ ಕೇಳಿದ್ದೆನೇ?

ಬರಹದಲ್ಲಿ ಮತ್ತೊಂದು ಅನುಕೂಲವಿದೆ, ರೇಡಿಯೊದಲ್ಲಿ ಕಾಣಿಸಲಾರೆ. ಉದ್ಗಾರದ ಚಿಹ್ನೆ ಅಲ್ಲಿ ವಾಕ್ಯದ ಕೊನೆಗಷ್ಟೇ ಅಲ್ಲ, ಮೊದಲಿಗೂ ತಲೆಕೆಳಗಾಗಿ ನಿಲ್ಲುತ್ತದೆ. 1713ರಲ್ಲಿ ಸ್ಥಾಪನೆಯಾದ ಸ್ಪೇನಿನ ರಾಜ ಅಕಾಡೆಮಿ 1754ರ ತನ್ನ ಕಾಗುಣಿತದ ಪುಸ್ತಕದಲ್ಲಿ ಪ್ರಶ್ನಾರ್ಥಕಕ್ಕೆ ಈ ವ್ಯವಸ್ಥೆ ಮಾಡಿತು. ಉದ್ಗಾರಕ್ಕೂ ಅದೇ ರೂಢಿಯಾಯಿತು. ಕೂಗು ಬರುತ್ತಿದೆ ಎಂದು ಓದುಗನಿಗೆ ಮುಂಚಿತವಾಗಿ ಎಚ್ಚರಿಕೆ. ಮೊಬೈಲಿನಲ್ಲಿ ಬರೆಯುವವರು ಈಗ ಮೊದಲಿನದನ್ನು ಹಾಕುವ ವ್ಯವಧಾನ ಇಟ್ಟುಕೊಂಡಿಲ್ಲ.

ನೀನು, ನೀವುಗಳ ವಿಷಯಕ್ಕೆ ಬರೋಣ. ಅಲ್ಲಿ 'ತೂ' ಅಂದರೆ ನೀನು, 'ಉಸ್ತೆದ್' ಅಂದರೆ ತಾವು. 'ಬುವೆಸ್ತ್ರಾ ಮೆರ್ಸೆದ್', ತಮ್ಮ ಅನುಗ್ರಹ, ಎಂಬ ಹಳೆಯ ಸಂಬೋಧನೆ ಸವೆದು ಸವೆದು ಉಸ್ತೆದ್ ಆಗಿದೆ. 'ದಾತೆ ಪ್ರೀಸಾ' ಬೇಗ ಮಾಡು. 'ದೆಸೆ ಪ್ರೀಸಾ' ಬೇಗ ಮಾಡಿ. ಮನೆಯವರಿಗೆ, ಗೆಳೆಯರಿಗೆ ತೂ. ಅಪರಿಚಿತ ಹಿರಿಯರಿಗೆ, ಕಚೇರಿಯಲ್ಲಿ ಉಸ್ತೆದ್. ಇಷ್ಟೇ ಆಗಿದ್ದರೆ ನಮಗೆ ಸುಲಭವಿತ್ತು. ಬೊಗೊತಾದ ಕಡೆ ಗಂಡ ಹೆಂಡತಿ, ಅಣ್ಣ ತಮ್ಮಂದಿರೂ ಒಬ್ಬರಿಗೊಬ್ಬರು ಉಸ್ತೆದ್ ಅಂದುಕೊಳ್ಳುತ್ತಾರೆ. ಆತ್ಮೀಯ ಗೆಳೆಯನನ್ನು ಅವಸರಪಡಿಸುವಾಗಲೂ 'ಆಗಲೆ', ಅಂದರೆ ಮಾಡಿ ಮಾಡಿ. ಅರ್ಜೆಂಟೀನಾದಲ್ಲಿ ತೂ ಇಲ್ಲವೇ ಇಲ್ಲ, 'ಬೋಸ್' ಇದೆ. ಅದರಿಂದಾಗಿ ಉಳಿದವರ ಅಪೂರಾತೆ ಅಲ್ಲಿ ಒತ್ತು ಬದಲಿಸಿಕೊಂಡು 'ಅಪುರಾತೆ' ಆಗುತ್ತದೆ.

ಈ ತೂ ಒಮ್ಮೆ ಲೋಕದ ಸುದ್ದಿಯಾಯಿತು. 2007ರ ನವೆಂಬರ್ 10, ಚಿಲಿಯ ಸಾಂತಿಯಾಗೊದಲ್ಲಿ ಐಬೀರಿಯ ಮತ್ತು ಅಮೆರಿಕದ ದೇಶಗಳ ಶೃಂಗಸಭೆ. ವೆನೆಜುವೆಲಾದ ಅಧ್ಯಕ್ಷ ಹ್ಯೂಗೊ ಚಾವೆಸ್ ಅವರು ಸ್ಪೇನಿನ ಮಾಜಿ ಪ್ರಧಾನಿ ಅಸ್ನಾರ್ ಅವರನ್ನು ಫ್ಯಾಸಿಸ್ಟ್ ಎಂದು ಕರೆದಿದ್ದರು. ಆಗಿನ ಪ್ರಧಾನಿ ಸಪತೇರೊ ಎದುರು ಪಕ್ಷದವರು. ಆದರೂ ತಮ್ಮ ದೇಶದ ಜನ ಆರಿಸಿದ್ದ ವ್ಯಕ್ತಿಗೆ ಗೌರವ ಕೊಡಿ ಎಂದು ತಣ್ಣಗೆ ವಾದಿಸುತ್ತಿದ್ದರು. ಚಾವೆಸ್ ಮಧ್ಯೆ ಮಧ್ಯೆ ಬಾಯಿ ಹಾಕುತ್ತಲೇ ಇದ್ದರು. ಸಪತೇರೊ ಪಕ್ಕದಲ್ಲಿ ಕೂತಿದ್ದ ದೊರೆ ಹುವಾನ್ ಕಾರ್ಲೋಸ್ ಮುಂದಕ್ಕೆ ಬಾಗಿ ಹೇಳಿದ್ದು ಐದೇ ಪದ: 'ಪೋರ್ ಕೆ ನೊ ತೆ ಕಾಯಾಸ್?' ನೀನ್ಯಾಕೆ ಬಾಯಿ ಮುಚ್ಚಬಾರದು? ರೂಪದಲ್ಲಿ ಪ್ರಶ್ನೆ, ಆದರೆ ಉತ್ತರ ಬೇಡದ ಪ್ರಶ್ನೆ. ಒಂದು ದೇಶದ ಅಧ್ಯಕ್ಷರಿಗೆ, ಸಭೆಯ ನಡುವೆ, ಏಕವಚನ. ವಾರದೊಳಗೆ ಅದು ಮೊಬೈಲ್ ರಿಂಗ್‌ಟೋನ್ ಆಯಿತು, ಅಂಗಿಗಳ ಮೇಲೆ ಅಚ್ಚಾಯಿತು. ಸ್ಪೇನಿನಲ್ಲಿ ಹಲವರು ಚಪ್ಪಾಳೆ ತಟ್ಟಿದರು; ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಹಳೆಯ ವಸಾಹತಿನ ಯಜಮಾನ ಮತ್ತೆ ಗದರಿದ ಎಂದು ಕೇಳಿಸಿಕೊಂಡವರೂ ಇದ್ದರು. ಮರುವರ್ಷ ಚಾವೆಸ್ ಮಯೋರ್ಕಾ ದ್ವೀಪಕ್ಕೆ ಬಂದಾಗ ದೊರೆ ಅದೇ ವಾಕ್ಯ ಅಚ್ಚಾದ ಟೀ ಶರ್ಟೊಂದನ್ನು ಉಡುಗೊರೆ ಕೊಟ್ಟರು. ರಾಜತಂತ್ರದಲ್ಲಿ ಕ್ಷಮಾಪಣೆ ಹೀಗೂ ಇರಬಹುದೇನೋ.

ಬೈಗುಳದ ವಿಷಯ ಹೇಳದಿದ್ದರೆ ನನ್ನ ವಿದ್ಯಾರ್ಥಿಗಳು ಬಿಡುವುದಿಲ್ಲ. ಸ್ಪೇನಿನವರ ಬಾಯಿ ಸಾಕಷ್ಟು ಸಡಿಲ. ಧಾರಾವಾಹಿಯಲ್ಲಿ ಕೇಳುವುದು ಉತ್ಪ್ರೇಕ್ಷೆಯಲ್ಲ. ಆದರೆ ಆಕಾಶವಾಣಿಯಲ್ಲಿ ಆಡಲಾಗದ ಪದಗಳಿಗೆ ಅವರೇ ಸಭ್ಯವಾದ ಮುಸುಕು ಹೊದಿಸಿಕೊಂಡಿದ್ದಾರೆ, ಅದನ್ನು ಹೇಳಬಹುದು. ಕೆಟ್ಟ ಪದವೊಂದರ ಮೊದಲ ಅಕ್ಷರ ಬಾಯಿಗೆ ಬಂದೊಡನೆ ದಿಕ್ಕು ಬದಲಿಸಿ ನಿರುಪದ್ರವಿ ಪದಕ್ಕೆ ತಿರುಗಿಕೊಳ್ಳುವುದು ಅವರ ವಿದ್ಯೆ. ಚರ್ಚಿನ ಪ್ರಸಾದದ ರೊಟ್ಟಿಯ ಹೆಸರು ಸಿಟ್ಟಿನಲ್ಲಿ ಬಾಯಿಂದ ಜಾರುವಷ್ಟರಲ್ಲಿ ಅದು 'ಓಸ್ತ್ರಾಸ್' ಆಗುತ್ತದೆ, ಅಂದರೆ ಸಿಂಪಿಗಳು. ಮಕ್ಕಳು, ಅಜ್ಜಿಯರು ಹೇಳುವ 'ಹೊಲೀನ್' ಕೂಡ ಇಂಥದೇ ಒಂದು ಮುಸುಕು. 'ಕರಾಂಬಾ', 'ಕರಾಯ್' ಹಳೆಯ ಕಾಲದ ಮುಸುಕುಗಳು. ಲ್ಯಾಟಿನ್ ಅಮೆರಿಕದಲ್ಲಿ ಮಲಕ್ಕೆ ಸಂಬಂಧಿಸಿದ ಪದವೊಂದು ಅರ್ಧಕ್ಕೆ ಬಂದಾಗ 'ಮಿಯೆರ್ಕೊಲೆಸ್!' ಎಂದು ಕೂಗಿ ಪಾರಾಗುತ್ತಾರೆ. ಮಿಯೆರ್ಕೊಲೆಸ್ ಅಂದರೆ ಬುಧವಾರ. ಸಿಟ್ಟಿಗೆ ಅವರಿಗೆ ಬುಧ ಸಿಕ್ಕಿದ, ನಮಗೆ ಶನಿ.

ಕಲಿಯುವವರಿಗೆ ಈ ಮುಸುಕುಗಳೇ ಸಾಕು. ಪರಭಾಷೆಯ ಬೈಗುಳದ ಕಾವು ನಮ್ಮ ನಾಲಿಗೆಗೆ ಗೊತ್ತಾಗುವುದಿಲ್ಲ, ಕೇಳುವವರ ಕಿವಿಗೆ ಪೂರ್ತಿ ಗೊತ್ತಾಗುತ್ತದೆ. ಅದಕ್ಕಿಂತ 'ಕೆ ಲಾತಾ' ಅನ್ನಿ. ಲಾತಾ ಅಂದರೆ ತಗಡಿನ ಡಬ್ಬ. ಎಂಥ ಪೀಡೆಯಪ್ಪಾ ಎಂದು ಅರ್ಥ. ಕೊರೆಯುವವರನ್ನು 'ಕೆ ಪೆಸಾದೊ' ಅನ್ನಿ, ಎಷ್ಟು ಭಾರದ ಆಸಾಮಿ. ತೀರಾ ತಲೆ ತಿಂದರೆ ಹೋಗಿ ಆಸ್ಪರಾಗಸ್ ಹುರಿಯಲು ಹೇಳುವ ಪದ್ಧತಿ ಸ್ಪೇನಿನಲ್ಲಿದೆ. ಅದನ್ನು ಕೇಳಿಸಿಕೊಂಡವರು ಅಡುಗೆಮನೆಗೆ ಹೋಗಬೇಕಿಲ್ಲ, ಕಣ್ಣೆದುರಿನಿಂದ ಹೋದರೆ ಸಾಕು.

ಇಷ್ಟೊಂದು ಅವಸರದ ಮಾತುಗಳನ್ನು ಸಾಕಿಕೊಂಡಿರುವ ಜನ ಅವಸರದವರೇ? ಅಲ್ಲ ಎಂದು ಅವರದೇ ಬರಹಗಾರನೊಬ್ಬ ನಗುನಗುತ್ತ ಬರೆದಿದ್ದಾನೆ. ಮಾರಿಯಾನೊ ಹೋಸೆ ದೆ ಲಾರ್ರಾ, 1809ರಲ್ಲಿ ಮಾದ್ರಿದ್‌ನಲ್ಲಿ ಹುಟ್ಟಿದವನು. 1833ರ ಜನವರಿಯಲ್ಲಿ ತನ್ನದೇ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಹೆಸರು 'ಬುವೆಲ್ಬಾ ಉಸ್ತೆದ್ ಮಾಞಾನಾ', ಅಂದರೆ 'ತಾವು ನಾಳೆ ಬನ್ನಿ'. ಗಮನಿಸಿ, ಉಸ್ತೆದ್. ಸತಾಯಿಸುವವರು ಯಾವತ್ತೂ ಬಹುವಚನದಲ್ಲೇ ಸತಾಯಿಸುವುದು.

ಕಥೆ ಇಷ್ಟು. ಫ್ರಾನ್ಸಿನಿಂದ ಒಬ್ಬ ಸದ್ಗೃಹಸ್ಥ ಮಾದ್ರಿದ್‌ಗೆ ಬರುತ್ತಾನೆ. ಹೆಸರೇ ಮೆಸ್ಯೂ ಸಾಂದೆಲೆ, ವಿಳಂಬವಿಲ್ಲದವನು. ವಂಶಾವಳಿಯ ದಾಖಲೆ ತೆಗೆಸಬೇಕು, ಆಸ್ತಿಯ ಹಕ್ಕು ಸಾಧಿಸಬೇಕು, ಒಂದು ಉದ್ಯಮಕ್ಕೆ ಹಣ ಹೂಡಬೇಕು, ಉಳಿದ ದಿನ ಊರು ನೋಡಬೇಕು. ಎಲ್ಲಕ್ಕೂ ಸೇರಿ 15 ದಿನ ಎಂದು ಲೆಕ್ಕ ಹಾಕಿಕೊಂಡಿದ್ದಾನೆ. ಲೇಖಕ ನಗು ತಡೆದುಕೊಂಡು, ನೀವು ಇಲ್ಲಿ 15 ತಿಂಗಳು ಮುಗಿಸಿದ ದಿನ ನಮ್ಮ ಮನೆಗೆ ಊಟಕ್ಕೆ ಬನ್ನಿ ಎಂದು ಕರೆಯುತ್ತಾನೆ. ಮುಂದೆ ಎಲ್ಲಿ ಹೋದರೂ ಒಂದೇ ಉತ್ತರ. ಯಜಮಾನರು ಇನ್ನೂ ಎದ್ದಿಲ್ಲ, ನಾಳೆ ಬನ್ನಿ. ಈಗಷ್ಟೇ ಹೊರಗೆ ಹೋದರು, ನಾಳೆ ಬನ್ನಿ. ಮಧ್ಯಾಹ್ನದ ನಿದ್ದೆಯಲ್ಲಿದ್ದಾರೆ, ಗೂಳಿಕಾಳಗ ನೋಡಲು ಹೋಗಿದ್ದಾರೆ, ನಾಳೆ ಬನ್ನಿ. ಒಂದು ದಿನದಲ್ಲಿ ಕೊಡಬೇಕಾದ ಕೋಟನ್ನು ದರ್ಜಿ 20 ದಿನಕ್ಕೆ ಹೊಲಿದುಕೊಡುತ್ತಾನೆ. ಒಂದು ಅಂಗಿಗೆ ಇಸ್ತ್ರಿ ಹಾಕಲು 15 ದಿನ. ಅಂಚು ಸರಿಮಾಡಲು ಕೊಟ್ಟ ಟೋಪಿ ಎರಡು ದಿನ ಬರುವುದಿಲ್ಲ. ಬರಿದಲೆಯಲ್ಲಿ ಬೀದಿಗಿಳಿಯುವುದು ಆ ಕಾಲದ ಮರ್ಯಾದಸ್ಥರಿಗೆ ಸಾಧ್ಯವಿಲ್ಲದ್ದರಿಂದ ಪಾಪ ಮೆಸ್ಯೂ ಮನೆಯೊಳಗೇ ಬಂದಿ. ಸರ್ಕಾರಿ ಕಚೇರಿಗಳಿಗೆ ಅರ್ಜಿ ಅಲೆದಾಡಿದ್ದನ್ನು ನಾನು ಹೇಳಬೇಕಿಲ್ಲ, ಕೇಳುತ್ತಿರುವ ನಿಮಗೇ ಚೆನ್ನಾಗಿ ಗೊತ್ತು. ಅರ್ಧ ವರ್ಷ ಹೀಗೆ ಸವೆದ ಮೇಲೆ ಅರ್ಜಿ ತಿರಸ್ಕೃತವಾಗುತ್ತದೆ, ಮೆಸ್ಯೂ ಊರು ಬಿಡುತ್ತಾನೆ. ಕೊನೆಯಲ್ಲಿ ಲಾರ್ರಾ ತನ್ನ ಕಡೆಗೇ ಬೆರಳು ತಿರುಗಿಸಿಕೊಳ್ಳುತ್ತಾನೆ: ಈ ಪ್ರಬಂಧದ ಶೀರ್ಷಿಕೆ ಬರೆದಿಟ್ಟು ಮೂರು ತಿಂಗಳಿಗೂ ಮೇಲಾಗಿತ್ತು, ದಿನಾ ನಾಳೆ ಬರೆಯೋಣ ಅಂದುಕೊಳ್ಳುತ್ತಿದ್ದೆ. ಇಷ್ಟು ಚುರುಕಾಗಿ ಬರೆದವನು 1837ರಲ್ಲಿ, 28 ತುಂಬುವ ಮೊದಲೇ, ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ಸ್ಪೇನಿನಲ್ಲಿ ಇಂದಿಗೂ ಕಚೇರಿಯ ಕಿಟಕಿಯಿಂದ ಬರಿಗೈಯಲ್ಲಿ ತಿರುಗುವವರು ಅವನ ಶೀರ್ಷಿಕೆಯನ್ನು ಗೊಣಗುತ್ತಾರೆ.

ಮೆಕ್ಸಿಕೊದಲ್ಲಿ ಮಾಞಾನಾಕ್ಕಿಂತ ಅಪಾಯಕಾರಿ 'ಅಓರೀತಾ'. 'ಅಓರಾ' ಅಂದರೆ ಈಗ. ಅದನ್ನು ಮುದ್ದು ಮಾಡಿ ಚಿಕ್ಕದಾಗಿಸಿದರೆ 'ಈಗ್ಲೇ, ಒಂದು ಚೂರು ಈಗ'. ಅದು ಎರಡು ನಿಮಿಷವಿರಬಹುದು, ಸಂಜೆಯಿರಬಹುದು, ಎಂದಿಗೂ ಇಲ್ಲದಿರಬಹುದು. ಮೊಂತೆರ್ರೇಯವರ ಜೊತೆ ಕೆಲಸ ಮಾಡುವ ನನ್ನ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಲು ಕಷ್ಟವೇ ಆಗುವುದಿಲ್ಲ. 'ಬಂದೆ ಸಾರ್, ಆನ್ ದಿ ವೇ' ಅನ್ನುವ ನಗರದವರು ತಾನೇ.

ಮನೆಯ ಮೆಟ್ಟಿಲಿನ ಅವಸರ ಬೇರೆ. ನಾಳೆ ಬನ್ನಿ ಎಂದು ಒಂದಿಡೀ ಜನಸಮುದಾಯಕ್ಕೆ ಹೇಳುತ್ತ ಬಂದಾಗ ಅದೇ ಚಿಕ್ಕ ಪದಗಳು ಬೀದಿಗಿಳಿಯುತ್ತವೆ. 1994ರ ಜನವರಿ 1ರಂದು ಮೆಕ್ಸಿಕೊದ ಚಿಯಾಪಾಸ್ ಪ್ರಾಂತ್ಯದ ಮೂಲನಿವಾಸಿ ರೈತರು ಸಪತೀಸ್ತರ ಹೆಸರಿನಲ್ಲಿ ದಂಗೆಯೆದ್ದರು. ಅವರ ಘೋಷಣೆ 'ಯಾ ಬಾಸ್ತಾ', ಇನ್ನು ಸಾಕು. 1997ರ ಜುಲೈನಲ್ಲಿ ಸ್ಪೇನಿನ ಎರ್ಮುವಾ ಎಂಬ ಬಾಸ್ಕ್ ಊರಿನ 29 ವರ್ಷದ ನಗರಸಭಾ ಸದಸ್ಯ ಮಿಗೆಲ್ ಆಂಹೆಲ್ ಬ್ಲಾಂಕೊ ಅವರನ್ನು ಬಾಸ್ಕ್ ಪ್ರತ್ಯೇಕತಾವಾದಿ ಸಂಘಟನೆ ಎತಾದ ಉಗ್ರರು ಅಪಹರಿಸಿ, 48 ಗಂಟೆಯ ಗಡುವು ಕೊಟ್ಟು, ಗಡುವು ಮುಗಿದೊಡನೆ ಗುಂಡಿಟ್ಟರು. ಆಗ ಲಕ್ಷಾಂತರ ಜನ ಬೀದಿಗೆ ಬಂದು ಕೂಗಿದ್ದು 'ಬಾಸ್ತಾ ಯಾ'. ಪದ ಎರಡೂ ಅವೇ, ಕ್ರಮ ಮಾತ್ರ ಹಿಂದುಮುಂದು. 2001ರ ಡಿಸೆಂಬರ್ 19ರ ರಾತ್ರಿ ಬ್ಯೂನಸ್ ಐರಿಸ್‌ನಲ್ಲಿ ಪದವೂ ಬೇಕಾಗಲಿಲ್ಲ. ಬ್ಯಾಂಕಿನಲ್ಲಿಟ್ಟ ತಮ್ಮ ದುಡ್ಡನ್ನೇ ತೆಗೆಯಲು ಬಿಡದ ಸರ್ಕಾರ ಟಿವಿಯಲ್ಲಿ ತುರ್ತು ಸ್ಥಿತಿ ಘೋಷಿಸಿದ್ದೇ ತಡ, ಜನ ಅಡುಗೆಮನೆಯಿಂದ ಪಾತ್ರೆ ಸೌಟುಗಳನ್ನು ತಂದು ಬಾಲ್ಕನಿಯಲ್ಲಿ, ಬೀದಿಯಲ್ಲಿ ಬಡಿಯತೊಡಗಿದರು. ಮರುದಿನ ಅಧ್ಯಕ್ಷ ದೆ ಲಾ ರುವಾ ರಾಜೀನಾಮೆ ಕೊಟ್ಟು ಹೆಲಿಕಾಪ್ಟರ್ ಹತ್ತಿದರು.

ಮೇಲಿನವರ ಅಸಹನೆ ಕೆಳಗಿನವರ ಕೈಗೆ ಸಿಕ್ಕ ಪ್ರಸಂಗವೂ ಒಂದಿದೆ. 2014ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊದ ಅಯೊತ್ಸಿನಾಪಾದ ಶಿಕ್ಷಕರ ತರಬೇತಿ ಶಾಲೆಯ 43 ವಿದ್ಯಾರ್ಥಿಗಳು ಕಾಣೆಯಾದರು. ನವೆಂಬರ್ 7ರಂದು ಅಟಾರ್ನಿ ಜನರಲ್ ಹೆಸೂಸ್ ಮುರೀಯೊ ಕರಾಮ್ ಪತ್ರಕರ್ತರನ್ನು ಕರೆದು, ಆ ಮಕ್ಕಳನ್ನು ಕೊಂದು ಸುಟ್ಟರೆಂಬ ತನಿಖೆಯ ವಿವರ ಕೊಟ್ಟರು. ಪ್ರಶ್ನೆಗಳು ಮುಗಿಯಲಿಲ್ಲ. ಕೊನೆಗೆ ಅವರ ಬಾಯಿಂದ ಬಂದ 'ಯಾ ಮೆ ಕಾನ್ಸೇ', ಸಾಕಾಯ್ತು ನನಗೆ, ಎಂಬ ಮಾತು ಮೈಕಿಗೆ ಸಿಕ್ಕಿಬಿಟ್ಟಿತು. ಕೂಡಲೇ ಜನ ಅದೇ ಮಾತನ್ನು ಎತ್ತಿಕೊಂಡರು. ನನಗೂ ಸಾಕಾಯ್ತು, ಹೆದರಿ ಹೆದರಿ ಸಾಕಾಯ್ತು ಎಂದು ಗೋಡೆಗಳ ಮೇಲೆ, ಫಲಕಗಳ ಮೇಲೆ ಬರೆದರು. ಅದನ್ನು ಅನ್ನುವ ಅಧಿಕಾರ ಮಕ್ಕಳನ್ನು ಕಳೆದುಕೊಂಡವರದೇ ಹೊರತು ಅಧಿಕಾರಿಯದಲ್ಲ ಎಂಬುದು ಅವರ ವಾದ. ನನಗೂ ಅದು ಸರಿಯೆನಿಸುತ್ತದೆ.

ಯಾರು ಹೇಳಿದರು ಅನ್ನುವುದು ಇಷ್ಟು ಮುಖ್ಯವಾದ್ದರಿಂದ ತರಗತಿಯಲ್ಲಿ ನಾನು ಉದ್ಗಾರಕ್ಕಿಂತ ಮೊದಲು ಉತ್ತರ ಹೇಳಿಕೊಡುತ್ತೇನೆ. ಹೊರ ಊರಿನಲ್ಲಿ ನಾವು ಬೇರೆಯವರನ್ನು ಅವಸರಪಡಿಸುವುದಕ್ಕಿಂತ ನಮ್ಮನ್ನು ಬೇರೆಯವರು ಅವಸರಪಡಿಸುವ ಸಂದರ್ಭಗಳೇ ಹೆಚ್ಚು. 'ಯಾ ಬೋಯ್' ಮೊದಲು ಬರಲಿ. ಅದಕ್ಕೆ ಕೆ ಸೇರಿಸುವಷ್ಟು ಸಲುಗೆ ಬೆಳೆಯಲು ವರ್ಷ ಬೇಕು. ಅಂಗಡಿಯಲ್ಲಿ ಸರದಿಯಿದ್ದರೆ ಒಳಗೆ ಕಾಲಿಟ್ಟೊಡನೆ 'ಕಿಯೆನ್ ಎಸ್ ಎಲ್ ಊಲ್ತಿಮೊ', ಕೊನೆಯವರು ಯಾರು, ಎಂದು ಕೇಳಿ. ಸ್ಪೇನಿನ ಸಂತೆಗಳಲ್ಲಿ, ಕ್ಯೂಬಾದಲ್ಲಿ ಸಾಲು ಕಾಣುವುದೇ ಇಲ್ಲ; ಜನ ಅಲ್ಲಲ್ಲಿ ಗುಂಪಾಗಿ ಹರಟುತ್ತಿರುತ್ತಾರೆ. ಆದರೆ ಪ್ರತಿಯೊಬ್ಬರಿಗೂ ತಮ್ಮ ಮುಂದಿರುವವರು ಯಾರೆಂದು ಗೊತ್ತು. ಈ ಒಂದು ಪ್ರಶ್ನೆ ಕೇಳದೆ ಕೌಂಟರಿಗೆ ನುಗ್ಗಿದರೆ ಇಂದು ನಾನು ಹೇಳಿದ ಎಲ್ಲ ಪದಗಳನ್ನೂ ಒಟ್ಟಿಗೆ ಕೇಳಬಹುದು. ಕಚೇರಿಯ ಕಿಟಕಿಯಲ್ಲಿ ಬರೀ 'ಪೋರ್ ಫಾಬೋರ್', ದಯವಿಟ್ಟು, ಎರಡನೆಯ ಪದವನ್ನು ಸ್ವಲ್ಪ ಎಳೆದು. ಗೆಳೆಯರ ನಡುವೆ ಬೆಂಗಾ, ದಾಲೆ, ಆಂದಲೆ, ನೀವು ಇರುವ ದೇಶ ನೋಡಿಕೊಂಡು. ರಾಗ ಹಿಡಿಯಲು ಫುಟ್‌ಬಾಲ್ ವೀಕ್ಷಕ ವಿವರಣೆ ಕೇಳಿ. ಅರ್ಥವಾಗದಿದ್ದರೂ ತಾಳ್ಮೆ ಎಲ್ಲಿ ಕೆಟ್ಟಿತು ಎಂದು ತಿಳಿಯುತ್ತದೆ.

ಒಂದು ದಿನ ಯಾರೋ ಊಟಕ್ಕೆ ಕರೆದಿರುತ್ತಾರೆ. ನೀವು ತಡವಾಗಿ ಹೋಗುತ್ತೀರಿ, ಬೆಂಗಳೂರಿನವರಾದರೆ ಖಂಡಿತ. ಬಾಗಿಲಲ್ಲೇ 'ಓಂಬ್ರೆ, ಯಾ ಎರಾ ಓರಾ!' ಎಂದು ಕೂಗಿದರೆ ಟ್ರಾಫಿಕ್ಕಿನ ವಿವರಣೆಗೆ ತೊಡಗಬೇಡಿ. ಓಂಬ್ರೆ ಅಂದಿದ್ದಾರೆ ಅಂದಮೇಲೆ ಸಿಟ್ಟಿಲ್ಲ. ಒಳಗೆ ಹೋಗಿ ಕೂತು, ಏನು ಮಾಡಿದ್ದೀರಿ ಎಂದು ಕೇಳಿ.